ಮೊಬಿಲಿಟಿ ಸ್ಕೂಟರಿನ ಹಳೆ ಬ್ಯಾಟರಿ: ಪಲ್ಸ್ ಚಾರ್ಜರ್ ಸಾಕೇ, ಹೊಸ ಜೋಡಿಯೇ ಬೇಕೇ?

ಕರೆಂಟನ್ನು ಚಿಕ್ಕ ಚಿಕ್ಕ ಹೊಡೆತಗಳಾಗಿ ಕೊಡುವ ಪಲ್ಸ್ ಚಾರ್ಜರ್‌ಗಳ ಡಬ್ಬದ ಮೇಲಿನ ಮಾತು ಹೆಚ್ಚುಕಡಿಮೆ ಒಂದೇ: ಸತ್ತ ಬ್ಯಾಟರಿಗೆ ಮರುಜೀವ. ಮೊಬಿಲಿಟಿ ಸ್ಕೂಟರ್ (ನಡೆಯಲು ಕಷ್ಟವಾದವರು ಕೂತು ಓಡಾಡುವ ಬ್ಯಾಟರಿ ಗಾಡಿ) ಇಟ್ಟುಕೊಂಡವರು ಈ ಮಾತನ್ನು ಉಳಿದವರಿಗಿಂತ ಎಚ್ಚರದಿಂದ ಓದಬೇಕು. ಟಾರ್ಚಿನ ಬ್ಯಾಟರಿ ಕೈಕೊಟ್ಟರೆ ಕತ್ತಲಾಗುತ್ತದೆ, ಅಷ್ಟೆ. ಈ ಸ್ಕೂಟರಿನದು ದಾರಿ ಮಧ್ಯೆ ಕೈಕೊಟ್ಟರೆ, ಕೂತವರು ಇಳಿದು ತಳ್ಳಿಕೊಂಡು ಬರುವ ಸ್ಥಿತಿಯಲ್ಲಿ ಇರುವುದಿಲ್ಲ. ಹಾಗಾಗಿ ಪಲ್ಸ್ ಚಾರ್ಜರ್, ನಿಧಾನ ಚಾರ್ಜಿನ ಹಳೆ ವಿಧಾನ, ಎಜಿಎಂ (ಆಸಿಡನ್ನು ಗಾಜಿನ ನಾರಿನ ಹಾಸಿನಲ್ಲಿ ಹೀರಿಸಿಟ್ಟ ಬ್ಯಾಟರಿ), ಜೆಲ್ (ಆಸಿಡನ್ನು ಲೋಳೆಯಂತೆ ಗಟ್ಟಿ ಮಾಡಿದ್ದು), ಲಿಥಿಯಂ ಎಲ್ಲವನ್ನೂ ಇಲ್ಲಿ ತೂಗಿರುವುದು ಒಂದೇ ಪ್ರಶ್ನೆಯಿಂದ: ಹೊರಗೆ ಹೋದವರನ್ನು ಇದು ಮನೆಗೆ ತಂದು ಮುಟ್ಟಿಸುತ್ತದೆಯೇ?

ಸೀಟಿನ ಕೆಳಗಿರುವುದು ಸಾಮಾನ್ಯವಾಗಿ 12 ವೋಲ್ಟಿನ ಎರಡು ಬ್ಯಾಟರಿ, ಸೀರೀಸ್‌ನಲ್ಲಿ ಸೇರಿ 24 ವೋಲ್ಟ್. ಬಿಡಿಸಿ ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಳ್ಳುವಂಥ ಚಿಕ್ಕ ಸ್ಕೂಟರಿನಲ್ಲಿ 12 ಆಂಪ್ ಅವರ್‌ನವು (ಬ್ಯಾಟರಿಯ ಸಾಮರ್ಥ್ಯದ ಅಳತೆ ಇದು), ನಡುಗಾತ್ರದ್ದರಲ್ಲಿ 35ರಿಂದ 50, ದೊಡ್ಡದರಲ್ಲಿ 75. ಹೆಚ್ಚಿನವು ಮುಚ್ಚಿದ ಲೆಡ್ ಆಸಿಡ್ ಬ್ಯಾಟರಿಗಳು. ತಂಟೆಯೆಲ್ಲ ಶುರುವಾಗುವುದು ಈ ಜೋಡಿಯಿಂದಲೇ. ಚಾರ್ಜರಿಗೆ ಕಾಣುವುದು ಒಟ್ಟು ವೋಲ್ಟೇಜ್. ಒಂದೊಂದರ ಪಾಡು ಅದಕ್ಕೆ ಗೊತ್ತಾಗುವುದಿಲ್ಲ. ಒಂದು ಬ್ಯಾಟರಿಯ ಆರು ಸೆಲ್‌ಗಳಲ್ಲಿ ಒಂದು ಶಾರ್ಟ್ ಆಗಿದೆ ಎನ್ನಿ. ಚಾರ್ಜರ್ ಜೋಡಿಯನ್ನು 28.8 ವೋಲ್ಟಿಗೆ ಏರಿಸಲು ನೋಡುತ್ತದೆ. ಕೆಟ್ಟದ್ದು 12.2ರ ಆಸುಪಾಸಿನಲ್ಲೇ ನಿಂತರೆ, ಉಳಿದ 16.6 ವೋಲ್ಟ್ ಪೂರ್ತಿ ಒಳ್ಳೆಯದರ ತಲೆಗೆ. ಅದು ಬಿಸಿಯಾಗುತ್ತದೆ, ಒಳಗಿನ ನೀರು ಅನಿಲವಾಗಿ ವಾಲ್ವಿನಿಂದ ಹೊರಬೀಳುತ್ತದೆ, ದಿನದಿಂದ ದಿನಕ್ಕೆ ಒಣಗುತ್ತದೆ. ಓಡಿಸುವಾಗ ಪೆಟ್ಟು ಇನ್ನೊಂದು ಕಡೆಗೆ: ಸೋತದ್ದು ಎಂಟೊಂಬತ್ತು ವೋಲ್ಟಿಗೆ ಕುಸಿದಿದ್ದರೂ ಒಟ್ಟು 21 ಇದೆಯಲ್ಲ ಎಂದು ಸ್ಕೂಟರ್ ಎಳೆಯುತ್ತಲೇ ಇರುತ್ತದೆ. ‘ಎರಡೂ ಒಟ್ಟಿಗೇ ಹೋದವು’ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ. ಒಂದು ಹೋಯಿತು, ಅದು ಇನ್ನೊಂದನ್ನೂ ಎಳೆದುಕೊಂಡಿತು.

ಆದ್ದರಿಂದ ಏನನ್ನೂ ಕೊಳ್ಳುವ ಮೊದಲು ಎರಡನ್ನೂ ಬೇರೆಬೇರೆಯಾಗಿ ಅಳೆಯಿರಿ. ಪೂರ್ತಿ ಚಾರ್ಜ್ ಮಾಡಿ, ಪ್ಲಗ್ ತೆಗೆದು, 12 ಗಂಟೆ ಸುಮ್ಮನೆ ಬಿಟ್ಟು ಮಲ್ಟಿಮೀಟರ್ ಹಿಡಿಯಿರಿ. 12.8 ಅಥವಾ ಮೇಲಿದ್ದರೆ ಚಾರ್ಜ್ ಹಿಡಿದಿದೆ. 12.2ರಷ್ಟು ಬಂದರೆ ಅರ್ಧ ಖಾಲಿ. ಎಷ್ಟು ಹೊತ್ತು ಚಾರ್ಜ್ ಮಾಡಿದರೂ ಒಂದು 10.5ರ ಹತ್ತಿರವೇ ನಿಂತರೆ ಒಂದು ಸೆಲ್ ಹೋಗಿದೆ. ಯಾವ ಪೆಟ್ಟಿಗೆಯೂ ಅದನ್ನು ಎಬ್ಬಿಸದು. ಮೈ ಉಬ್ಬಿದ್ದರೆ, ಸೀಳಿದ್ದರೆ, ಟರ್ಮಿನಲ್ ಬುಡದಲ್ಲಿ ಒದ್ದೆ ಕಂಡರೆ ಅಳೆಯುವ ಕಷ್ಟವೂ ಬೇಡ.

ವೋಲ್ಟೇಜ್ ಸರಿ ಇದೆ ಎಂದ ಮಾತ್ರಕ್ಕೆ ಬ್ಯಾಟರಿ ಸರಿ ಇದೆ ಎಂದಲ್ಲ. ಒಳಗೆ ಎಷ್ಟು ಉಳಿದಿದೆ ಎಂದು ಹೇಳುವುದು ಲೋಡ್. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ, ಕಾರಿನ ಬ್ರೇಕ್ ಲೈಟಿನ 12 ವೋಲ್ಟ್, 21 ವ್ಯಾಟ್ ಬಲ್ಬ್ ಸಾಕು. ಅದು ಎಳೆಯುವುದು ಸುಮಾರು 1.75 ಆಂಪ್. 35 ಆಂಪ್ ಅವರ್ ಬ್ಯಾಟರಿಯ ಅಳತೆಯನ್ನು ಸಾಮಾನ್ಯವಾಗಿ 20 ಗಂಟೆಯಲ್ಲಿ ಖಾಲಿಯಾಗುವ ಲೆಕ್ಕದಲ್ಲಿ ಕೊಟ್ಟಿರುತ್ತಾರೆ, ಅದೂ ಸರಿಯಾಗಿ 1.75 ಆಂಪೇ. ಪೂರ್ತಿ ಚಾರ್ಜ್ ಆದ ಬ್ಯಾಟರಿಗೆ ಬಲ್ಬ್ ಕಟ್ಟಿ, 10.5 ವೋಲ್ಟಿಗೆ ಇಳಿಯುವವರೆಗಿನ ಗಂಟೆಗಳನ್ನು ಎಣಿಸಿ. 20 ಗಂಟೆ ಉರಿದರೆ ಹೊಸದರಂತಿದೆ. 16ಕ್ಕೆ ಇಳಿದರೆ 80 ಪ್ರತಿಶತ. ಅದಕ್ಕಿಂತ ಕೆಳಗೆ ಹೋದ ಬ್ಯಾಟರಿಯ ಆಯಸ್ಸು ಮುಗಿಯಿತು ಎನ್ನುವುದು ಈ ಉದ್ಯಮದ ರೂಢಿ. 12 ಗಂಟೆಗೇ ಆರಿಹೋದರೆ ನಂಬಿ ಹೊರಡಬೇಡಿ. 75ರ ಬ್ಯಾಟರಿಗೆ ಎರಡು ಬಲ್ಬ್ ಪ್ಯಾರಲಲ್ ಆಗಿ ಕಟ್ಟಿ. 11.5 ದಾಟಿದ ಮೇಲೆ ವೋಲ್ಟೇಜ್ ಜರ್ರನೆ ಇಳಿಯುತ್ತದೆ, ಆಗ ಹತ್ತು ನಿಮಿಷಕ್ಕೊಮ್ಮೆ ನೋಡಿ. ರಾತ್ರಿ ಉರಿಯಲು ಬಿಟ್ಟು ಮಲಗಿದರೆ ಪರೀಕ್ಷೆಯೇ ಬ್ಯಾಟರಿಯನ್ನು ಕೊಲ್ಲುತ್ತದೆ. ಬಲ್ಬ್ ಕೈ ಸುಡುವಷ್ಟು ಕಾಯುತ್ತದೆ, ಪ್ಲಾಸ್ಟಿಕ್ ಮೇಲೆ ಇಡಬೇಡಿ.

ಈಗ ಪಲ್ಸ್ ಚಾರ್ಜರ್‌ಗೆ ಬರೋಣ. ಬ್ಯಾಟರಿ ಖಾಲಿಯಾದಾಗ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ತಡಮಾಡದೆ ಚಾರ್ಜಿಗೆ ಹಾಕಿದರೆ ಅದು ಕರಗುತ್ತದೆ, ವಾರಗಟ್ಟಲೆ ಖಾಲಿ ಬಿಟ್ಟರೆ ದೊಡ್ಡ ಹರಳುಗಟ್ಟಿ ಕರೆಂಟನ್ನು ತಡೆಯುತ್ತದೆ. ಚಿಕ್ಕ ಚಿಕ್ಕ ಹೊಡೆತಗಳಿಂದ ಈ ಹರಳು ಒಡೆಯುತ್ತೇವೆ ಎನ್ನುವುದು ಇಂಥ ಪೆಟ್ಟಿಗೆಗಳ ಭರವಸೆ. ಅದರಲ್ಲಿ ನಿಜದ ಪಾಲು ಇಲ್ಲದಿಲ್ಲ, ಆದರೆ ಬ್ಯಾಟರಿ ಸಾಯಲು ಸಲ್ಫೇಟ್ ಒಂದೇ ಕಾರಣವಲ್ಲ. ಮೂರ್ನಾಲ್ಕು ವರ್ಷ ದಿನವೂ ದುಡಿದದ್ದರಲ್ಲಿ ಪಾಸಿಟಿವ್ ಪ್ಲೇಟಿನ ಜಾಲರಿ ತುಕ್ಕು ತಿಂದಿರುತ್ತದೆ, ಪ್ಲೇಟಿನ ಪೇಸ್ಟ್ ಸಡಿಲವಾಗಿ ಉದುರಿರುತ್ತದೆ, ನಡುವಿನ ಗಾಜಿನ ನಾರಿನ ಹಾಸು ಒಣಗಿರುತ್ತದೆ. ಉದುರಿದ್ದನ್ನು ಯಾವ ಪಲ್ಸ್ ಮತ್ತೆ ಅಂಟಿಸೀತು? ನಮ್ಮ ತೀರ್ಮಾನ ಹೀಗೆ: ದುಡಿದು ಸೋತ ಬ್ಯಾಟರಿಗೆ ಈ ಪೆಟ್ಟಿಗೆ ದುಡ್ಡಿನ ದಂಡ. ಮೂಲೆಯಲ್ಲಿ ಬಿಟ್ಟು ಮಲಗಿದ ಬ್ಯಾಟರಿಗೆ ಅಷ್ಟಿಷ್ಟು ನೆರವಾದೀತು, ಅದರಲ್ಲೂ ಹೆಚ್ಚಿನ ಗುಣ ಅದು ಕೊಡುವ ದೀರ್ಘ, ನಿಧಾನ ಚಾರ್ಜಿನದು. ಚಾರ್ಜರ್ ಇಲ್ಲದೆ ಬ್ಯಾಟರಿಯ ಮೇಲೆಯೇ ಸಿಕ್ಕಿಸಿಡುವ ಪಲ್ಸ್ ಬಿಲ್ಲೆಗಳು ಅದರದೇ ಕರೆಂಟು ತಿಂದು ಬದುಕುವಂಥವು, ನಿಂತ ಸ್ಕೂಟರಿಗೆ ಅವು ಬೇಡವೇ ಬೇಡ. ಕೆಲವು ಚಾರ್ಜರುಗಳ ರಿಪೇರ್ ಮೋಡ್ 16 ವೋಲ್ಟಿನ ಹತ್ತಿರಕ್ಕೆ ಏರುತ್ತದೆ. ಬ್ಯಾಟರಿ ಸ್ಕೂಟರಿನ ವೈರಿಗೆ ಜೋಡಿಸಿದ್ದಾಗ ಆ ಗುಂಡಿ ಒತ್ತಬೇಡಿ, ಮೋಟಾರನ್ನು ನಡೆಸುವ ಕಂಟ್ರೋಲರಿನ ಎಲೆಕ್ಟ್ರಾನಿಕ್ಸ್‌ಗೆ ಅಪಾಯ. ಜೆಲ್ ಬ್ಯಾಟರಿಗಂತೂ ಯಾವಾಗಲೂ ಬೇಡ.

ನಿಧಾನ ಚಾರ್ಜನ್ನು ನೀವೇ ಕೊಡಬಹುದು. ಪೂರ್ತಿ ಇಳಿದ ಜೋಡಿಗೆ ಸ್ಕೂಟರಿನ ಸ್ಮಾರ್ಟ್ ಚಾರ್ಜರ್ ಹಾಕಿದರೆ ಎಷ್ಟೋ ಸಲ ಅದು ಶುರುವೇ ಆಗುವುದಿಲ್ಲ. ಎದುರಿಗೆ ಬ್ಯಾಟರಿ ಇದೆ ಎಂದು ತಿಳಿಯಲು ಅದಕ್ಕೆ ಒಂದಿಷ್ಟು ವೋಲ್ಟೇಜ್ ಬೇಕು. ವೋಲ್ಟೇಜ್, ಕರೆಂಟ್ ಎರಡನ್ನೂ ಮಿತಿಗೊಳಿಸಬಲ್ಲ ಪವರ್ ಸಪ್ಲೈ ತೆಗೆದುಕೊಂಡು, ಬ್ಯಾಟರಿಗಳನ್ನು ಬಿಚ್ಚಿ, ಒಂದೊಂದಕ್ಕೆ ಬೇರೆಯಾಗಿ ಕೊಡಿ. ಎಜಿಎಂಗೆ 14.7 ವೋಲ್ಟ್, ಜೆಲ್‌ಗೆ 14.4 ಮೀರದಂತೆ. ಕರೆಂಟು ಸಾಮರ್ಥ್ಯದ ಇಪ್ಪತ್ತರಲ್ಲಿ ಒಂದು ಭಾಗ, ಅಂದರೆ 35ಕ್ಕೆ 1.75 ಆಂಪ್, 12ಕ್ಕೆ 0.6. ಹಾಕಿದ ಕೂಡಲೇ ವೋಲ್ಟೇಜ್ ಮಿತಿಗೆ ಏರಿ, ಕರೆಂಟು ಸೊನ್ನೆಯ ಹತ್ತಿರ ನಿಂತರೆ ಗಾಬರಿ ಬೇಡ, ಸಲ್ಫೇಟ್ ಕಟ್ಟಿದ ಲಕ್ಷಣವೇ ಅದು. ಕೆಲವು ಗಂಟೆಗಳಲ್ಲಿ 0.05, 0.2, 0.8 ಎಂದು ಕರೆಂಟು ತಾನಾಗಿ ಏರತೊಡಗಿದರೆ ಹರಳು ಕರಗುತ್ತಿದೆ ಎಂದು ತಿಳಿಯಿರಿ. ಆಮೇಲೆ ನಿಧಾನವಾಗಿ ಮತ್ತೆ ಇಳಿಯಬೇಕು. ಇಳಿಯದೆ ಮೈ ಬಿಸಿಯಾಗುತ್ತ ಹೋದರೆ, 45 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮುಂಚೆಯೇ ನಿಲ್ಲಿಸಿ. ಒಂದು ದಿನ ಕಳೆದರೂ ಕರೆಂಟು ಅಲುಗದಿದ್ದರೆ ಆಸೆ ಬಿಡಿ. ಎದ್ದದ್ದಕ್ಕೆ ಒಂದು ದಿನ ವಿಶ್ರಾಂತಿ, ಬಲ್ಬಿನ ಪರೀಕ್ಷೆ, ಮತ್ತೆ ಚಾರ್ಜ್. ಮೂರು ಸುತ್ತಾದರೂ 80 ಪ್ರತಿಶತ ಬಾರದಿದ್ದರೆ ನಾಲ್ಕನೆಯದು ಬೇಡ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಕಿಡಿ ಏನೂ ಇರದಿರಲಿ. ಹೊರಬರುವ ಹೈಡ್ರೋಜನ್ ಗಾಳಿಯಲ್ಲಿ 4 ಪ್ರತಿಶತ ಸೇರಿದರೆ ಸಾಕು, ಹತ್ತಿಕೊಳ್ಳುತ್ತದೆ.

ಹಳೆ ಬ್ಯಾಟರಿ ಎಬ್ಬಿಸಲೆಂದು ಮುಚ್ಚಳ ಕಿತ್ತು ರಬ್ಬರ್ ವಾಲ್ವಿನಡಿ ಡಿಸ್ಟಿಲ್ಡ್ ವಾಟರ್ ತುಂಬುವುದು, ಎಪ್ಸಮ್ ಉಪ್ಪು ಸುರಿಯುವುದು ಎರಡನ್ನೂ ನಾವು ಖಂಡಿತ ಒಪ್ಪುವುದಿಲ್ಲ. ನೀರು ಒಂಚೂರು ಹೆಚ್ಚಾದರೂ ಆಸಿಡ್ ಹೊರಗೆ ಬರುತ್ತದೆ, ಅದರ ಮೇಲೆ ಒಬ್ಬ ಮನುಷ್ಯ ಕೂತಿರುತ್ತಾನೆ.

ಹೊಸದು ಕೊಳ್ಳುವುದಾದರೆ ಎರಡನ್ನೂ ಒಟ್ಟಿಗೆ, ಒಂದೇ ಕಂಪನಿಯ, ಒಂದೇ ತಾರೀಖಿನ ಕೋಡ್ ಇರುವುದನ್ನು ಕೊಳ್ಳಿ. ಇಲ್ಲಿ ಜನ ಮೋಸಹೋಗುವುದು ಯುಪಿಎಸ್ ಬ್ಯಾಟರಿಯಿಂದ. 12 ವೋಲ್ಟ್ 12 ಆಂಪ್ ಅವರ್‌ನದು ಸ್ಕೂಟರಿಗೂ ಯುಪಿಎಸ್‌ಗೂ ಒಂದೇ ಅಳತೆ, 151 x 98 x 95 ಮಿಲಿಮೀಟರ್. ಪಕ್ಕಪಕ್ಕ ಇಟ್ಟರೆ ಅವಳಿಗಳಂತೆ ಕಾಣುತ್ತವೆ. ಯುಪಿಎಸ್‌ನದು ಸದಾ ತುಂಬಿಕೊಂಡು ಕಾಯಲು ಮಾಡಿದ್ದು, ದಿನವೂ ಖಾಲಿಯಾಗಿ ತುಂಬುವ ಕೆಲಸಕ್ಕೆ ಬೇಗ ಸೋಲುತ್ತದೆ. ಲೇಬಲ್ ಓದಿ: ಸ್ಟ್ಯಾಂಡ್‌ಬೈ ವೋಲ್ಟೇಜ್ ಮಾತ್ರ ಬರೆದಿದ್ದರೆ ಬಿಡಿ, ಡೀಪ್ ಸೈಕಲ್ (ಆಳವಾಗಿ ಖಾಲಿಯಾಗಿ ಮತ್ತೆ ತುಂಬುವ ಸುತ್ತುಗಳಿಗೆ ಮಾಡಿದ್ದು) ಎಂದು ಸ್ಪಷ್ಟವಾಗಿ ಇರಲಿ. ಕಾರು ಸ್ಟಾರ್ಟ್ ಮಾಡುವ ಬ್ಯಾಟರಿಯ ಪ್ಲೇಟುಗಳು ತೆಳು, ಅದೂ ಬೇಡ. ಅಂಗಡಿಯಲ್ಲೇ ಮೀಟರ್ ಹಿಡಿದು ನೋಡಿ. 12.5ಕ್ಕಿಂತ ಕೆಳಗಿದ್ದರೆ ಅದು ಕಪಾಟಿನಲ್ಲಿ ಬಹುಕಾಲ ಕೂತಿದೆ. ಎರಡರ ನಡುವೆ 0.1 ವೋಲ್ಟಿಗಿಂತ ಹೆಚ್ಚು ಅಂತರವಿದ್ದರೆ ಬೇರೆ ಜೋಡಿ ಕೇಳಿ.

ಎಜಿಎಂ ಅಗ್ಗ, ಏರಿನಲ್ಲಿ ಕರೆಂಟು ಸಲೀಸಾಗಿ ಕೊಡುತ್ತದೆ. ಜೆಲ್ ದುಬಾರಿ, ಆದರೆ ಆಳವಾಗಿ ಖಾಲಿಯಾಗುವುದನ್ನು ಹೆಚ್ಚು ತಾಳಿಕೊಳ್ಳುತ್ತದೆ. ದಿನವೂ ದೂರ ಹೋಗುವವರಿಗೆ ನಮ್ಮ ಮತ ಜೆಲ್‌ಗೆ, ವಾರಕ್ಕೊಮ್ಮೆ ಹತ್ತಿರ ಹೋಗಿಬರುವವರಿಗೆ ಎಜಿಎಂ ಸಾಕು. ಜೆಲ್ ಹಾಕಿದರೆ ಚಾರ್ಜರ್ ಜೋಡಿಗೆ 28.8 ವೋಲ್ಟ್ ಮೀರಬಾರದು. ಮೀರಿದರೆ ಜೆಲ್‌ನೊಳಗೆ ಗುಳ್ಳೆಯೆದ್ದು, ಪ್ಲೇಟಿನ ಪಕ್ಕ ಟೊಳ್ಳಾಗಿ, ಅಷ್ಟು ಜಾಗ ಶಾಶ್ವತವಾಗಿ ಹೋಗುತ್ತದೆ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತೂಕದಲ್ಲಿ ಅರ್ಧದಷ್ಟು, ಸಾವಿರಗಟ್ಟಲೆ ಸೈಕಲ್ ಬಾಳಿಕೆ. ಹೀಗಿದ್ದೂ ಹಳೆ ಸ್ಕೂಟರಿಗೆ ಹಾಕಿಸಿ ಎಂದು ಕಣ್ಣುಮುಚ್ಚಿ ಹೇಳಲಾರೆವು. ಒಂದು, ಅದರ ವೋಲ್ಟೇಜ್ ಕೊನೆಯವರೆಗೂ ಸಮನಾಗಿರುವುದರಿಂದ ಸ್ಕೂಟರಿನ ಮುಳ್ಳು ‘ಫುಲ್’ ಎನ್ನುತ್ತಲೇ ಇದ್ದು, ಒಮ್ಮೆಗೇ ನಿಂತುಬಿಡಬಹುದು. ಇನ್ನೊಂದು ಹೆಚ್ಚು ಗಂಭೀರ. ಇಳಿಜಾರಿನಲ್ಲಿ ಮೋಟಾರು ಬ್ರೇಕ್ ಹಾಕುವಾಗ ಕರೆಂಟನ್ನು ಬ್ಯಾಟರಿಗೇ ಹಿಂದಕ್ಕೆ ಕಳಿಸುತ್ತದೆ. ಬ್ಯಾಟರಿ ಆಗತಾನೇ ಪೂರ್ತಿ ತುಂಬಿದ್ದರೆ ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ಸರ್ಕ್ಯೂಟ್) ಸಂಪರ್ಕ ಕಡಿದುಹಾಕಬಹುದು, ಆಗ ಸ್ಕೂಟರಿಗೆ ಪವರ್ ಇರುವುದಿಲ್ಲ. ಸೀರೀಸ್‌ನಲ್ಲಿ ಜೋಡಿಸಬಹುದೆಂದು, ಬಿಎಂಎಸ್ ಕಂಟ್ರೋಲರಿನ ಗರಿಷ್ಠ ಆಂಪ್ ತಾಳುತ್ತದೆಂದು ಬರವಣಿಗೆಯಲ್ಲಿ ಕೊಡದವರಿಂದ ಕೊಳ್ಳಬೇಡಿ. ಸ್ಕೂಟರ್ ತಯಾರಕರ ಒಪ್ಪಿಗೆ ಇದ್ದರೆ ಮಾತ್ರ ಮುಂದುವರಿಯಿರಿ.

ಬದಲಾಯಿಸುವ ಕೆಲಸ ಅರ್ಧ ಗಂಟೆಯದು. ಕೀ ತೆಗೆದು, ಚಾರ್ಜರ್ ಕಿತ್ತು, ವೈರಿಂಗಿನ ಫೋಟೋ ತೆಗೆದುಕೊಳ್ಳಿ. ಉಂಗುರ, ಗಡಿಯಾರ ಬಿಚ್ಚಿಡಿ, ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ. ನೆಗೆಟಿವ್ ಮೊದಲು ಬಿಚ್ಚಿ, ಜೋಡಿಸುವಾಗ ಕೊನೆಗೆ ಹಾಕಿ. ಎರಡರ ನಡುವಿನ ವೈರ್ ಒಂದರ ಪಾಸಿಟಿವ್‌ನಿಂದ ಇನ್ನೊಂದರ ನೆಗೆಟಿವ್‌ಗೆ. ಅದರಲ್ಲಿ ಫ್ಯೂಸ್ ಇದ್ದರೆ ತಪ್ಪದೆ ಉಳಿಸಿಕೊಳ್ಳಿ. ಉಲ್ಟಾ ಜೋಡಿಸಿದರೆ ಕಂಟ್ರೋಲರ್ ಸುಡಬಹುದು, ಹಾಗಾಗಿ ಕೊನೆಯ ವೈರ್ ಸಿಕ್ಕಿಸುವ ಮುಂಚೆ ಎರಡು ತುದಿಗಳಿಗೆ ಮೀಟರ್ ಹಿಡಿದು 25ರಿಂದ 26 ವೋಲ್ಟ್, ಮೈನಸ್ ಗುರುತಿಲ್ಲದೆ, ಬಂತೇ ನೋಡಿ. 35 ಆಂಪ್ ಅವರ್‌ನದೇ ಒಂದೊಂದು ಹತ್ತು ಕಿಲೋ ತೂಗುತ್ತದೆ, 75ರದ್ದು ಎತ್ತಲು ಇನ್ನೊಬ್ಬರು ಜೊತೆಗಿರಲಿ.

ಮೊದಲ ರಾತ್ರಿ ಪೂರ್ತಿ ಚಾರ್ಜಿಗೆ ಬಿಡಿ. ಹಸಿರು ದೀಪ ಹೊತ್ತಿದ ತಕ್ಷಣ ಪ್ಲಗ್ ಕೀಳುವುದು ಬೇಡ. ಮೊದಲ ಹತ್ತು ಹದಿನೈದು ಸೈಕಲ್‌ಗಳಲ್ಲಿ ಸಾಮರ್ಥ್ಯ ಇನ್ನೂ ಏರುತ್ತಿರುತ್ತದೆ, ಅಲ್ಲಿಯವರೆಗೆ ದೂರ ಹೋಗಬೇಡಿ. ಹಳೆ ಚಾರ್ಜರನ್ನೂ ಅದೇ ರಾತ್ರಿ ಪರೀಕ್ಷಿಸಿ: ಚಾರ್ಜ್ ಮುಗಿಯುವ ಹೊತ್ತಿಗೆ ಒಂದೊಂದು ಬ್ಯಾಟರಿಯ ಮೇಲೆ 14.1ರಿಂದ 14.7, ಹಸಿರು ದೀಪ ಬಂದು ಒಂದೆರಡು ಗಂಟೆಯ ಮೇಲೆ 13.5ರಿಂದ 13.8. ಹಸಿರು ಬಂದ ಮೇಲೂ ಜೋಡಿಯ ಮೇಲೆ 29 ವೋಲ್ಟ್ ನಿಂತೇ ಇದ್ದರೆ ಹಳೆ ಜೋಡಿಯನ್ನು ಒಣಗಿಸಿದ್ದು ಆ ಚಾರ್ಜರೇ ಇರಬಹುದು, ಹೊಸದಕ್ಕೆ ಅದನ್ನು ಇನ್ನೊಮ್ಮೆ ಸಿಕ್ಕಿಸಬೇಡಿ.