ಒಂದು ಕಿರುಚಿತ್ರಕ್ಕೆ ನಾಲ್ಕು ಬಗೆಯ ಟೈಟಲ್: ಬೆಟಗೇರಿಯ ಮಗ್ಗದ ಮನೆಯಲ್ಲಿ ಮಾಡಿ ನೋಡಿದ್ದು

ಹತ್ತು ಹದಿನೈದು ನಿಮಿಷದ ಚಿತ್ರಕ್ಕೆ ಒಂದೂವರೆ ನಿಮಿಷದ ಟೈಟಲ್ ಹಾಕುವ ವಿದ್ಯಾರ್ಥಿ ತಂಡಗಳನ್ನು ಧಾರವಾಡದಲ್ಲೂ ಹುಬ್ಬಳ್ಳಿಯಲ್ಲೂ ನೋಡುತ್ತಲೇ ಇದ್ದೇನೆ. ಅಷ್ಟು ಹೊತ್ತಿಗೆ ಪ್ರೇಕ್ಷಕರ ಗಮನ ಅರ್ಧ ಸೋರಿಹೋಗಿರುತ್ತದೆ. ನಮ್ಮ ತಂಡ ಗದಗ-ಬೆಟಗೇರಿಯ ಒಂದು ನೇಕಾರ ಕುಟುಂಬದ ಮೇಲೆ 14 ನಿಮಿಷದ ಚಿತ್ರ ಮಾಡಿದಾಗ ಎಡಿಟಿಂಗ್ ನನ್ನ ಪಾಲಿಗೆ ಬಂದಿತ್ತು. ಚಿತ್ರದ ಹೆಸರು ‘ಎಳೆ’. ಟೈಟಲ್ ಹೇಗಿರಬೇಕೆಂಬುದರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಕೊನೆಗೆ ಎಲ್ಲರ ಆಸೆಯನ್ನೂ ಮಾಡಿಯೇ ನೋಡೋಣ ಎಂದುಕೊಂಡು, ಅದೇ ಚಿತ್ರದ ಮುಂದೆ ನಾಲ್ಕು ಬಗೆಯ ಟೈಟಲ್ ಜೋಡಿಸಿ, ಸಭಾಂಗಣದ ಪ್ರೊಜೆಕ್ಟರ್‌ನಲ್ಲಿ ಹಾಕಿ ನೋಡಿದೆವು.

ಮೊದಲನೆಯದು ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ, ಹಿಂದೆ ಮಗ್ಗದ ಸದ್ದು. ಇದಕ್ಕೆ ಖರ್ಚಿಲ್ಲ, ಆದರೆ ಬಡ ಆಯ್ಕೆ ಎಂದು ಯಾರೂ ಮೂಗು ಮುರಿಯಬೇಕಾಗಿಲ್ಲ. ನೋಡಲು ಏನೂ ಇಲ್ಲದಾಗ ಕಿವಿ ಚುರುಕಾಗುತ್ತದೆ. ಲಾಳಿ ಅತ್ತಿಂದಿತ್ತ ಓಡುವ ಸದ್ದು, ನಡುವೆ ಯಾರೋ ಕೆಮ್ಮಿದ್ದು, ಹೊರಗೆ ಹಾದುಹೋದ ಬೈಕು, ಇಷ್ಟರಲ್ಲೇ ಸಭಾಂಗಣದ ಪಿಸುಮಾತು ನಿಂತಿತು. ತೊಂದರೆ ಇರುವುದು ಅಕ್ಷರದಲ್ಲಿ. ಕಿಟಕಿಯ ಪರದೆಯ ಸಂದಿಯಿಂದ ಬೆಳಕು ನುಸುಳುವ ಕೋಣೆಯಲ್ಲಿ ಪ್ರೊಜೆಕ್ಟರ್‌ನ ಕಪ್ಪು ಬೂದಿ ಬಣ್ಣವಾಗುತ್ತದೆ. ನೋಟೋ ಸೆರಿಫ್‌ನ ಸಪೂರ ಗೆರೆಗಳು ಅಲ್ಲಿ ಕರಗಿಹೋದವು, ಅನೇಕ್ ಕನ್ನಡದ ದಪ್ಪ ಅಕ್ಷರಗಳು ಕೊನೆಯ ಸಾಲಿಗೂ ಕಂಡವು. ಎರಡೂ ಉಚಿತ ಫಾಂಟ್‌ಗಳೇ. ಎರಡು ಸಾಲು ಬರೆಯುವಾಗ ನಡುವಿನ ಅಂತರವನ್ನು ತಂತ್ರಾಂಶ ಕೊಟ್ಟಷ್ಟಕ್ಕೇ ಬಿಡಬಾರದು. ಮೇಲಿನ ಸಾಲಿನ ಒತ್ತಕ್ಷರ ಇಳಿದು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಪ್ರತಿ ಹೆಸರನ್ನೂ ನಿಧಾನವಾಗಿ ಎರಡು ಸಲ ಓದುವಷ್ಟು ಹೊತ್ತು ನಿಲ್ಲಿಸಿದರೆ ಸಾಕು. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಸುಮಾರು 72 ಫ್ರೇಮ್ ಆಗುತ್ತದೆ.

ಎರಡನೆಯದು ಸಿದ್ಧ ಟೆಂಪ್ಲೇಟ್. ಅಕ್ಷರಗಳು ಮಿಂಚುತ್ತ, ಒಂದೊಂದಾಗಿ ಹಾರಿ ಬಂದು ಕೂರುತ್ತವೆ. ಇದನ್ನು ಬೇಡವೆನ್ನಲು ನನಗೆ ಒಂದು ಪದವೇ ಸಾಕಾಯಿತು. ‘ನಿರ್ದೇಶನ’ ಪರದೆಯ ಮೇಲೆ ಟೈಪ್ ಆಗುವುದನ್ನು ಫ್ರೇಮ್ ಫ್ರೇಮ್ ನಿಲ್ಲಿಸಿ ನೋಡಿ. ಮೊದಲು ‘ನಿರ’ ಎಂದು ಬರುತ್ತದೆ, ಆಮೇಲೆ ‘ನಿರ್’, ಮರುಕ್ಷಣ ಆ ರಕಾರ ಮಾಯವಾಗಿ ಅದರ ಜಾಗದಲ್ಲಿ ದಕಾರ ಬಂದು ಕೂತು, ಹಿಂದೆ ಅರ್ಕಾವತ್ತು ಅಂಟಿಕೊಳ್ಳುತ್ತದೆ. ಇಂಗ್ಲಿಷ್ ಅಕ್ಷರಗಳ ಅಳತೆಗೆ ಕತ್ತರಿಸಿದ ಚೌಕಟ್ಟಿನಲ್ಲಿ ‘ಛಾಯಾಗ್ರಹಣ’ದ ಕೆಳಗಿನ ಒತ್ತಿನ ಬಾಲವೂ ತುಂಡಾಗಿತ್ತು. ಇಡೀ ಪದವನ್ನು ಚಿತ್ರವಾಗಿ ಉಳಿಸಿ ಒಮ್ಮೆಗೇ ಮೂಡಿಸಿದರೆ ಇವು ಸರಿಹೋಗುತ್ತವೆ, ನಿಜ. ಆದರೂ ಹೊಳೆಯುವ ಲೋಹದ ಅಕ್ಷರಕ್ಕೂ ಹತ್ತಿಯ ನೂಲಿಗೂ ಸಂಬಂಧ ಹುಟ್ಟುವುದಿಲ್ಲ.

ಮೂರನೆಯದು ನನಗೆ ತುಂಬ ಪ್ರೀತಿಯದು: ಕರಿ ಬಟ್ಟೆಯ ಮೇಲೆ ನೂಲಿನಿಂದ ಬರೆದ ಹೆಸರು, ಒಂದೊಂದೇ ಫೋಟೋ ತೆಗೆದು ಜೋಡಿಸಿದ ಚಲನೆ. ಕನ್ನಡದ ಗುಂಡನೆಯ ಅಕ್ಷರಗಳು ನೂಲಿಗೆ ತಾವಾಗಿಯೇ ಒಲಿಯುತ್ತವೆ. ‘ಎ’ಯ ಸುರುಳಿಯಲ್ಲಿ ದಾರ ಎಲ್ಲೂ ಮುರಿಯದೆ ಬಾಗುತ್ತದೆ. ಪ್ರತಿ ಫೋಟೋವನ್ನು ಎರಡು ಫ್ರೇಮ್ ನಿಲ್ಲಿಸಿದರೆ ಸೆಕೆಂಡಿಗೆ 12 ಫೋಟೋ ಸಾಕು, ಆರು ಸೆಕೆಂಡಿಗೆ 72. ಅಕ್ಷರವನ್ನು ಸ್ವಲ್ಪ ಸ್ವಲ್ಪವೇ ಕಟ್ಟುತ್ತ ಹೋದರೆ ಆಕಾರ ಸೊಟ್ಟಗಾಗುವುದು ಖಂಡಿತ. ಆದ್ದರಿಂದ ಮೊದಲು ಇಡೀ ಹೆಸರನ್ನು ನೀಟಾಗಿ ಬರೆದು, ಬೆರಳತುದಿಯಿಂದ ಚೂರುಚೂರೇ ಎಳೆದು ತೆಗೆಯುತ್ತ ಫೋಟೋ ಹೊಡೆದು, ಎಡಿಟಿಂಗ್‌ನಲ್ಲಿ ಹಿಂದುಮುಂದು ಮಾಡಬೇಕು. ಆಗ ನೂಲು ತಾನೇ ಹರಿದುಬಂದು ಹೆಸರಾಗುತ್ತದೆ. ಕಿಟಕಿಯ ಬಿಸಿಲನ್ನು ನಂಬಬಾರದು, ಒಂದು ಮೋಡ ಹಾದರೂ ಚಿತ್ರ ಮಿಣುಕುತ್ತದೆ. ಕಿಟಕಿ ಮುಚ್ಚಿ, ಒಂದೇ ದೀಪ ಇಟ್ಟು, ಮೊಬೈಲ್ ಕ್ಯಾಮೆರಾದ ಫೋಕಸ್, ಬೆಳಕು, ಬಣ್ಣ ಮೂರನ್ನೂ ಲಾಕ್ ಮಾಡಿ ಕೂರಬೇಕು.

ಅಮೆರಿಕದ ಗ್ರಾಫಿಕ್ ವಿನ್ಯಾಸಕ ಸಾಲ್ ಬಾಸ್ 1955ರಲ್ಲಿ ಮಾದಕ ವ್ಯಸನಿಯೊಬ್ಬನ ಕಥೆಯಿದ್ದ ಹಾಲಿವುಡ್ ಚಿತ್ರಕ್ಕೆ ಟೈಟಲ್ ಮಾಡಿದಾಗ ಕೆಲವು ಬಿಳಿ ಪಟ್ಟಿಗಳನ್ನೂ ಅವು ಸೇರಿ ಆಗುವ ಒಂದು ಸೊಟ್ಟ ತೋಳನ್ನೂ ಬಿಟ್ಟು ಬೇರೇನನ್ನೂ ಬಳಸಲಿಲ್ಲ. ಒಂದೇ ವಸ್ತುವನ್ನು ಹಿಡಿದು ಕೊನೆಯವರೆಗೆ ಬಿಡದಿರುವ ಆ ಹಟ ನೂಲಿನ ಟೈಟಲ್‌ಗೂ ಬೇಕು. ಆದರೆ ಎಲ್ಲ ಹೆಸರುಗಳನ್ನೂ ನೂಲಿನಲ್ಲಿ ಬರೆಯಲು ಹೋದರೆ ವಿದ್ಯಾರ್ಥಿಗಳ ಕೈಯಲ್ಲಿರುವ ಸಮಯ ಸಾಲದು. ಒತ್ತಕ್ಷರವಿರುವ ಹೆಸರುಗಳಂತೂ ಕೈಗೆ ಸಿಗುವುದೇ ಇಲ್ಲ.

ನಾಲ್ಕನೆಯದು ಚಿತ್ರದ ಮೊದಲ ದೃಶ್ಯದ ಮೇಲೆಯೇ ಹೆಸರು ಹಾಕುವುದು. ಬಹುಮಂದಿ ಇದನ್ನು ಸುಲಭವೆಂದು ತಿಳಿದು, ತೆಗೆದಾಗಿರುವ ಯಾವುದೋ ಶಾಟ್ ಮೇಲೆ ಅಕ್ಷರ ಕೂರಿಸುತ್ತಾರೆ. ನೇಯ್ಗೆಯ ಮೇಲೆ ಬಿಳಿ ಅಕ್ಷರ ಇಟ್ಟರೆ ಹಾಸಿನ ಎಳೆಗಳ ನಡುವೆ ಅದು ಕಳೆದುಹೋಗುತ್ತದೆ. ಅಕ್ಷರಕ್ಕೆಂದೇ ಶಾಟ್ ತೆಗೆಯಬೇಕು. ಕುಣಿ ಮಗ್ಗದಲ್ಲಿ ನೇಕಾರರು ಕುಣಿಯೊಳಗೆ ಕಾಲು ಇಳಿಬಿಟ್ಟು ನೆಲದ ಮಟ್ಟದಲ್ಲಿ ಕೂರುತ್ತಾರೆ, ಹಾಗಾಗಿ ಟ್ರೈಪಾಡನ್ನು ಪೂರ್ತಿ ತಗ್ಗಿಸಿದೆವು. ಬಲಗಡೆ ಮಗ್ಗ ಮತ್ತು ಕೈಗಳು, ಎಡಗಡೆಯ ಮೂರನೇ ಒಂದು ಭಾಗ ಬರೀ ಕತ್ತಲ ಗೋಡೆ. ಹೆಸರುಗಳೆಲ್ಲ ಆ ಗೋಡೆಯ ಮೇಲೆ. ಮನೆಯಲ್ಲಿ ಟ್ಯೂಬ್‌ಲೈಟ್ ಇದ್ದುದರಿಂದ ಕ್ಯಾಮೆರಾದ ಶಟರ್ ವೇಗವನ್ನು 1/50 ಸೆಕೆಂಡಿಗೆ ಇಟ್ಟೆವು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಅದಕ್ಕೆ ಹೊಂದದ ವೇಗದಲ್ಲಿ ಗೋಡೆಯ ಮೇಲೆ ಪಟ್ಟೆಪಟ್ಟೆ ಬರುವ ಅಪಾಯವಿದೆ. ಒಂದೊಂದು ಹೆಸರೂ ಮಗ್ಗದ ಒಂದು ಬಡಿತಕ್ಕೆ ಬಂದು ಇನ್ನೊಂದು ಬಡಿತಕ್ಕೆ ಹೋಗುವಂತೆ ಕತ್ತರಿಸಿದೆ.

ಇದರಲ್ಲೂ ಕೊರತೆ ಕಂಡಿತು. ಎಲ್ಲರೂ ಕೈಗಳನ್ನೇ ನೋಡಿದರು, ಹೆಸರು ಓದಿದವರು ಕಡಿಮೆ. ತೆಗೆದ ಶಾಟ್‌ಗಳನ್ನು ಮತ್ತೆ ಹುಡುಕಿದಾಗ ಅದಕ್ಕೆ ಪರಿಹಾರವೂ ಸಿಕ್ಕಿತು. ಒಂದೆಡೆ ನೂಲು ತುಂಡಾಗುತ್ತದೆ. ಹಿರಿಯರು ಮಗ್ಗ ನಿಲ್ಲಿಸಿ, ಎರಡು ತುದಿಗಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದು ಗಂಟು ಹಾಕುತ್ತಾರೆ. ಸದ್ದು ನಿಂತಿದೆ, ಕೈ ಹೆಚ್ಚು ಕದಲುವುದಿಲ್ಲ. ಚಿತ್ರದ ಹೆಸರನ್ನು ಅಲ್ಲಿಟ್ಟೆವು. ಈ ಸಲ ಎಲ್ಲರ ಕಣ್ಣೂ ಗೋಡೆಯ ಕಡೆ ಹೊರಳಿತು.

ನನ್ನ ಮತ ನಾಲ್ಕನೆಯದಕ್ಕೇ, ಆದರೆ ಟೈಟಲ್ ಎಲ್ಲಿ ಬರುತ್ತದೆಂದು ಚಿತ್ರೀಕರಣಕ್ಕೆ ಹೋಗುವ ಮುನ್ನ ತೀರ್ಮಾನಿಸಿದ ತಂಡಕ್ಕೆ ಮಾತ್ರ. ಚಿತ್ರೀಕರಣ ಮುಗಿಸಿ ಎಡಿಟಿಂಗ್‌ಗೆ ಕೂತ ಮೇಲೆ ಟೈಟಲ್ ನೆನಪಾದವರು ಕಪ್ಪು ಪರದೆಯನ್ನೇ ಆರಿಸಿಕೊಳ್ಳಲಿ, ಮತ್ತು ಒಳ್ಳೆಯ ಸದ್ದು ಹುಡುಕಲಿ. ನೂಲಿನ ‘ಎಳೆ’ಯನ್ನು ಬಿಡಲು ನನಗೆ ಮನಸ್ಸು ಬರಲಿಲ್ಲ, ಗಂಟು ಹಾಕುವ ಆ ಕ್ಷಣದಲ್ಲಿ ಗೋಡೆಯ ಮೇಲೆ ಮೂಡುವುದು ಅದೇ. ಆರಂಭದಲ್ಲಿ ನೇಕಾರ ಕುಟುಂಬದ ಹೆಸರು, ಚಿತ್ರದ ಹೆಸರು, ನಿರ್ದೇಶಕರ ಹೆಸರು ಇಷ್ಟನ್ನೇ ಉಳಿಸಿಕೊಂಡು ಒಟ್ಟು 40 ಸೆಕೆಂಡಿಗೆ ತಂದೆವು. ನನ್ನದೂ ಸೇರಿ ಮಿಕ್ಕವರ ಹೆಸರೆಲ್ಲ ಚಿತ್ರ ಮುಗಿದ ಮೇಲೆ ಬರುತ್ತವೆ.