ಶಾಲೆಯ ಲ್ಯಾಬಿನಲ್ಲಿ ಸ್ಕ್ರ್ಯಾಚ್: ಯಾವ ತರಗತಿಗೆ ಸರಿ, ಎಲ್ಲಿಗೆ ನಿಲ್ಲಿಸಬೇಕು?

ಒಂದೇ ಸಾಫ್ಟ್‌ವೇರ್ ಹಾಕಿಕೊಂಡು 1ರಿಂದ 10ನೇ ತರಗತಿಯವರೆಗಿನ ಕಂಪ್ಯೂಟರ್ ಪಾಠ ಮುಗಿಸಿಬಿಡುವ ಆಸೆ ಎಷ್ಟೋ ಶಾಲೆಗಳಿಗಿದೆ. ಆ ಆಸೆಗೆ ಮೊದಲು ಸಿಗುವುದು ಸ್ಕ್ರ್ಯಾಚ್, ಆಜ್ಞೆಗಳ ಬಣ್ಣದ ತುಂಡುಗಳನ್ನು (ಬ್ಲಾಕ್) ಎಳೆದು ಜೋಡಿಸಿ ಪ್ರೋಗ್ರಾಮ್ ಬರೆಸುವ ಸಾಫ್ಟ್‌ವೇರ್. ಎಂಐಟಿ ಮೀಡಿಯಾ ಲ್ಯಾಬಿನಲ್ಲಿ ಹುಟ್ಟಿ 2007ರಲ್ಲಿ ಹೊರಬಂತು, ಈಗ ಬಳಕೆಯಲ್ಲಿರುವ 3ನೇ ಆವೃತ್ತಿ 2019ರ ಜನವರಿಯದು. ಪೂರ್ತಿ ಉಚಿತ. ತಯಾರಿಸಿದವರು 8ರಿಂದ 16 ವರ್ಷದವರಿಗೆ ಅನ್ನುತ್ತಾರೆ. ಲ್ಯಾಬಿನ ಲೆಕ್ಕದಲ್ಲಿ ಇದರ ಒಳ್ಳೆಯ ಕಾಲ 4ರಿಂದ 8ನೇ ತರಗತಿ. ಅದಕ್ಕೂ ಮುಂಚೆ ಕೊಟ್ಟರೆ ಮಕ್ಕಳು ತೆರೆದ ಕೂಡಲೇ ಕಾಣುವ ಬೆಕ್ಕಿನ ಚಿತ್ರಕ್ಕೆ ಬಣ್ಣ ಬಳಿಯುತ್ತ ಪೀರಿಯಡ್ ಕಳೆಯುತ್ತಾರೆ. ಆಮೇಲೂ ಎಳೆದರೆ ಕಲಿಕೆ ಇದ್ದಲ್ಲೇ ಸುತ್ತುತ್ತದೆ.

ಚಿಕ್ಕವರಿಗೆ ಕಷ್ಟವಾಗುವುದು ಯೋಚನೆಯಲ್ಲ, ಕೈ. ಮೌಸ್‌ನ ಗುಂಡಿ ಒತ್ತಿ ಹಿಡಿದು, ಬಿಡದೆ ಎಳೆದು, ಸರಿಯಾದ ಜಾಗದಲ್ಲಿ ಬಿಡುವುದು ಆರು ವರ್ಷದ ಮಗುವಿಗೆ ದೊಡ್ಡ ಕಸರತ್ತು. ಸ್ಕ್ರ್ಯಾಚ್‌ನಲ್ಲಿ ಅದಿಲ್ಲದೆ ಒಂದು ಬ್ಲಾಕೂ ಕೂರುವುದಿಲ್ಲ. ಹಾಗಾಗಿ 1 ಮತ್ತು 2ನೇ ತರಗತಿಗೆ ಮಕ್ಕಳ ಕಲಿಕೆಯ ಆಟಗಳ ಸಾಫ್ಟ್‌ವೇರ್ ಆದ ಜಿಕಾಂಪ್ರಿಯ ಮೌಸ್ ಆಟಗಳೇ ಸಾಕು. ಮೊದಲು ಮೌಸ್ ಆಡಿಸಿ ಚಿತ್ರ ಅಳಿಸುವುದು, ಆಮೇಲೆ ಕ್ಲಿಕ್, ಆಮೇಲೆ ಡಬಲ್ ಕ್ಲಿಕ್ ಎಂದು ಒಂದೊಂದೇ ಮೆಟ್ಟಿಲು ಏರಿಸುತ್ತದೆ. ಜೊತೆಗೆ ಮಕ್ಕಳು ಚಿತ್ರ ಬರೆಯುವ ಟಕ್ಸ್ ಪೇಂಟ್. ಸೇವ್ ಮಾಡುವಾಗ ಇದು ಫೈಲಿನ ಹೆಸರು ಕೇಳುವುದಿಲ್ಲ, ಅಕ್ಷರ ಇನ್ನೂ ತಡವರಿಸುವ ಮಗುವಿಗೆ ಇದಕ್ಕಿಂತ ಉಪಕಾರ ಇನ್ನೊಂದಿಲ್ಲ. ಲ್ಯಾಬಿಗೆ ಹಾಕುವಾಗ ಅದರ ಸೆಟ್ಟಿಂಗ್ ಬದಲಿಸುವ ಟಕ್ಸ್ ಪೇಂಟ್ ಕಾನ್ಫಿಗ್ ತೆರೆದು ಫುಲ್ ಸ್ಕ್ರೀನ್ ಆನ್ ಮಾಡಿ, ಪ್ರಿಂಟ್ ಆಫ್ ಮಾಡಿಬಿಡಿ. ಮರೆತರೆ ಒಂದೇ ದಿನದಲ್ಲಿ ಪ್ರಿಂಟರ್‌ನ ಶಾಯಿ ಖಾಲಿ. ಟ್ಯಾಬ್ಲೆಟ್ ಇರುವ ಕಡೆ 5ರಿಂದ 7 ವರ್ಷದವರಿಗೆ ಸ್ಕ್ರ್ಯಾಚ್‌ಜೂನಿಯರ್ ಚೆನ್ನಾಗಿದೆ. ಬ್ಲಾಕುಗಳ ಮೇಲೆ ಪದಗಳ ಬದಲು ಚಿತ್ರಗಳಿರುವುದರಿಂದ ಓದು ಬರಲೇಬೇಕೆಂದಿಲ್ಲ. ಆದರೆ ಬೆರಳಲ್ಲಿ ಆಡಿ ಬಂದ ಮಗುವಿಗೆ ಮೌಸ್ ಹಿಡಿಯುವುದನ್ನು ಆಮೇಲೆ ಹೊಸದಾಗಿಯೇ ಕಲಿಸಬೇಕು.

ಈಗ ಸ್ಕ್ರ್ಯಾಚ್‌ಗೆ ಬರೋಣ. ಇಂಟರ್‌ನೆಟ್ ನೆಚ್ಚಿಕೊಳ್ಳುವಂತಿಲ್ಲದ ಲ್ಯಾಬಿಗೆ ಡೆಸ್ಕ್‌ಟಾಪ್ ಆ್ಯಪ್ ಹಾಕಿ. ಸ್ಪ್ರೈಟುಗಳು (ಬೆಕ್ಕಿನಂಥ ಪಾತ್ರಗಳು), ಹಿನ್ನೆಲೆ ಚಿತ್ರಗಳು, ಶಬ್ದಗಳು ಎಲ್ಲವೂ ಅದರೊಳಗೇ ಬರುತ್ತವೆ. ಪಠ್ಯವನ್ನು ಮಾತಾಗಿಸುವ ಮತ್ತು ಅನುವಾದದ ಹೆಚ್ಚುವರಿ ಬ್ಲಾಕುಗಳಿಗೆ, ಅಂದರೆ ಎಕ್ಸ್‌ಟೆನ್ಶನ್‌ಗಳಿಗೆ ಮಾತ್ರ ನೆಟ್ ಬೇಕು. ಆ್ಯಪ್ ತಾನಾಗಿ ಸೇವ್ ಮಾಡುವುದಿಲ್ಲ, ಕರೆಂಟು ಹೋದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಹತ್ತು ನಿಮಿಷಕ್ಕೊಮ್ಮೆ ಸೇವ್ ಮಾಡಿಸಿ. ಎಲ್ಲರ ಫೈಲಿಗೂ ಅದು ಒಂದೇ ಹೆಸರು ಸೂಚಿಸುತ್ತದೆ, ಮಕ್ಕಳು ಹಾಗೇ ಎಂಟರ್ ಒತ್ತುತ್ತಾರೆ, ಬೆಳಗಿನ ತರಗತಿಯವರ ಕೆಲಸದ ಮೇಲೆ ಮಧ್ಯಾಹ್ನದವರದ್ದು ಕೂರುತ್ತದೆ. ತರಗತಿ, ಹಾಜರಿ ಸಂಖ್ಯೆ, ಆಟದ ಹೆಸರು ಸೇರಿಸಿ ಫೈಲಿಗೆ ಹೆಸರಿಡುವ ಪದ್ಧತಿಯನ್ನು ಮೊದಲ ದಿನವೇ ಮಾಡಿಸಿ.

4 ಮತ್ತು 5ರಲ್ಲಿ ನಿರ್ದೇಶಾಂಕಗಳ ತಂಟೆಗೆ ಹೋಗಬೇಡಿ. ಬೆಕ್ಕು ಓಡಾಡುವ ಜಾಗವಾದ ಸ್ಟೇಜಿನ ಅಳತೆ 480×360, ನಡುಮಧ್ಯೆ ಸೊನ್ನೆ. ಎಡಕ್ಕೆ ಹೋದರೆ ಎಕ್ಸ್ ಮೈನಸ್, ಕೆಳಕ್ಕೆ ಇಳಿದರೆ ವೈ ಮೈನಸ್. ಋಣಸಂಖ್ಯೆಯನ್ನೇ ಕಲಿಯದ ಮಗುವಿಗೆ ಇದು ಮಂತ್ರವಾಗಿಬಿಡುತ್ತದೆ. ಮೂವ್ (ನಡೆ), ಟರ್ನ್ (ತಿರುಗು), ರಿಪೀಟ್ (ಮತ್ತೆ ಮಾಡು) ಇಷ್ಟರಲ್ಲೇ ಎರಡು ತಿಂಗಳು ಕಳೆಯಬಹುದು. ಪೆನ್ ಎಕ್ಸ್‌ಟೆನ್ಶನ್ ಸೇರಿಸಿ ಚೌಕ ಬರೆಸಿ: 4 ಸಲ ರಿಪೀಟ್, 100 ಹೆಜ್ಜೆ, 90 ಡಿಗ್ರಿ ತಿರುವು. ಆಮೇಲೆ ತ್ರಿಭುಜ. ತ್ರಿಭುಜದ ಕೋನ 60 ಎಂದು ಕಲಿತವರು 60 ಹಾಕುತ್ತಾರೆ, ಗೆರೆ ಕೂಡುವುದೇ ಇಲ್ಲ. ಬೆಕ್ಕು ತಿರುಗುವುದು ಹೊರಕೋನದಷ್ಟು, ಅಂದರೆ 120. ಉತ್ತರ ಹೇಳಬೇಡಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ತ್ರಿಭುಜ ಬರೆದು ಒಬ್ಬರನ್ನು ನಡೆಸಿದರೆ ಅವರೇ ಹೇಳುತ್ತಾರೆ.

ಇನ್ನೊಂದು ಗೋಳು: ಅಂಚಿಗೆ ತಾಗಿ ಹಿಂದಿರುಗುವಾಗ ಬೆಕ್ಕು ತಲೆಕೆಳಗಾಗುತ್ತದೆ. ಕೆಟ್ಟಿತು ಎಂದು ಮಕ್ಕಳು ಗಲಾಟೆ ಎಬ್ಬಿಸುತ್ತಾರೆ. ಅದು 180 ಡಿಗ್ರಿ ತಿರುಗಿದೆ ಅಷ್ಟೆ. ರೊಟೇಶನ್ ಸ್ಟೈಲನ್ನು ಲೆಫ್ಟ್-ರೈಟ್‌ಗೆ ಇಟ್ಟರೆ ಸರಿಹೋಗುತ್ತದೆ. ಸ್ಪ್ರೈಟ್ ಅಳಿಸಿಹೋದರೆ ಕಂಟ್ರೋಲ್-ಝಡ್ ಒತ್ತುತ್ತ ಕೂರಬೇಡಿ, ಎಡಿಟ್ ಮೆನುವಿನಲ್ಲಿ ಅದನ್ನು ವಾಪಸ್ ತರುವ ಆಯ್ಕೆಯೇ ಬೇರೆ ಇದೆ.

6 ಮತ್ತು 7ರಲ್ಲಿ ಸ್ಕ್ರ್ಯಾಚ್ ತನ್ನ ನಿಜವಾದ ಬೆಲೆ ತೋರಿಸುತ್ತದೆ. ಮೇಲಿಂದ ಸೇಬು ಬೀಳಬೇಕು, ಬುಟ್ಟಿಗೆ ತಾಗಿದರೆ 1 ಅಂಕ. ಈ ಪುಟ್ಟ ಆಟದಲ್ಲಿ ಮೂರು ತಪ್ಪು ಬಹುತೇಕ ಖಚಿತ. ಮೊದಲನೆಯದು, ತಾಗಿತೇ ಎಂದು ಪರೀಕ್ಷಿಸುವ ಇಫ್ ಬ್ಲಾಕನ್ನು, ಒಳಗಿರುವುದನ್ನು ಸದಾ ಸುತ್ತಿಸುವ ಫಾರೆವರ್‌ನ ಹೊರಗೆ ಇಡುವುದು: ಹಸಿರು ಬಾವುಟ ಒತ್ತಿದ ಗಳಿಗೆಯಲ್ಲಿ ಒಮ್ಮೆ ಮಾತ್ರ ಪರೀಕ್ಷೆ ನಡೆದು ಮುಗಿಯುತ್ತದೆ, ಆಮೇಲೆ ಸೇಬು ತಾಗಿದರೂ ಕೇಳುವವರಿಲ್ಲ. ಎರಡನೆಯದು, ಆಟ ಮತ್ತೆ ಶುರು ಮಾಡಿದಾಗ ಹಳೆಯ ಅಂಕವೇ ನಿಂತಿರುವುದು. ಅಂಕವನ್ನು ನೆನಪಿಟ್ಟುಕೊಳ್ಳುವುದು ವೇರಿಯಬಲ್ ಎಂಬ ಡಬ್ಬಿ. ವೇರಿಯಬಲ್‌ನ ಬೆಲೆ ತಾನಾಗಿ ಸೊನ್ನೆಯಾಗುವುದಿಲ್ಲ, ಫೈಲಿನ ಜೊತೆ ಸೇವ್ ಕೂಡ ಆಗುತ್ತದೆ. ಬಾವುಟದ ಕೆಳಗೆ ಮೊದಲ ಸಾಲಿನಲ್ಲೇ ಅಂಕವನ್ನು 0 ಮಾಡಬೇಕು. ಮೂರನೆಯದು ಸ್ವಾರಸ್ಯದ್ದು: ಒಂದೇ ಸೇಬಿಗೆ ಹತ್ತಿಪ್ಪತ್ತು ಅಂಕ ಸಿಗುತ್ತದೆ. ಫಾರೆವರ್ ಸೆಕೆಂಡಿಗೆ ಸುಮಾರು 30 ಸಲ ಸುತ್ತುತ್ತದೆ, ಸೇಬು ತಾಗಿರುವಷ್ಟು ಹೊತ್ತೂ ಪ್ರತಿ ಸುತ್ತಿಗೆ ಒಂದು ಅಂಕ. ಅಂಕ ಕೊಟ್ಟ ಕೂಡಲೇ ಸೇಬನ್ನು ವೈ 170ಕ್ಕೆ, ಎಕ್ಸ್ −220ರಿಂದ 220ರೊಳಗಿನ ಯಾವುದೋ ಒಂದು ಸ್ಥಾನಕ್ಕೆ ಕಳಿಸಿದರೆ ಆಟ ದಾರಿಗೆ ಬರುತ್ತದೆ. ಹೆಚ್ಚು ಅಂಕ ಬಂತೆಂದು ಖುಷಿಪಡುವ ಮಕ್ಕಳಿಗೆ ಅದು ತಪ್ಪು ಎಂದು ಒಪ್ಪಿಸುವುದೇ ಆ ದಿನದ ಪಾಠ.

ಒಂದು ಯಂತ್ರಕ್ಕೆ ಇಬ್ಬರು ಧಾರಾಳವಾಗಿ ಸಾಕು. ಆದರೆ 10 ನಿಮಿಷಕ್ಕೆ ಮೌಸ್ ಕೈ ಬದಲಾಗಲೇಬೇಕು, ಇಲ್ಲದಿದ್ದರೆ ಒಬ್ಬರು ಕಲಿತು ಇನ್ನೊಬ್ಬರು ಸಿನಿಮಾ ನೋಡಿದಂತೆ.

ಕೊರತೆಗಳು ಇಲ್ಲವೆಂದಲ್ಲ. ಸಾಲು ಸಾಲಾಗಿ ನಿಲ್ಲಿಸಿ ತಪ್ಪು ಹುಡುಕುವ ಡೀಬಗರ್ ಇದರಲ್ಲಿಲ್ಲ. ಓಡುತ್ತಿರುವ ಸ್ಕ್ರಿಪ್ಟಿನ (ಜೋಡಿಸಿದ ಬ್ಲಾಕುಗಳ ಸರಣಿಯ) ಸುತ್ತ ಹಳದಿ ಬೆಳಕು ಕಾಣುತ್ತದೆ, ಅಷ್ಟೆ. ನಾವೇ ಮಾಡಿಕೊಂಡ ಬ್ಲಾಕ್ ಉತ್ತರವೊಂದನ್ನು ಹಿಂದಿರುಗಿಸಲಾರದು. ಎಲ್ಲಕ್ಕಿಂತ ದೊಡ್ಡ ದೂರು ಕೀಬೋರ್ಡಿನದು. ನಾಲ್ಕು ವರ್ಷ ಸ್ಕ್ರ್ಯಾಚ್ ಮಾಡಿದ ಮಗು ಲೂಪ್ (ಆಜ್ಞೆಗಳನ್ನು ಮತ್ತೆ ಮತ್ತೆ ಸುತ್ತಿಸುವುದು) ಬಲ್ಲದು, ತನ್ನ ಹೆಸರು ಟೈಪ್ ಮಾಡಲು ಒಂದೇ ಬೆರಳಲ್ಲಿ ಹುಡುಕುತ್ತದೆ. 4ನೇ ತರಗತಿಯಿಂದಲೇ ಪ್ರತಿ ಪೀರಿಯಡ್ಡಿನ ಮೊದಲ 10 ನಿಮಿಷ ಟೈಪಿಂಗಿಗೆ ಮೀಸಲಿಡಿ, ತೋರುಬೆರಳುಗಳು ಎಫ್ ಮತ್ತು ಜೆ ಮೇಲಿನ ಉಬ್ಬುಗೆರೆಯಿಂದ ಶುರುವಾಗಲಿ. ಸ್ಪ್ರೆಡ್‌ಶೀಟ್ 7ರಲ್ಲಿ ಪಕ್ಕದಲ್ಲೇ ನಡೆಯಬೇಕು. ಅದನ್ನು ಸ್ಕ್ರ್ಯಾಚ್ ಕಲಿಸುವುದಿಲ್ಲ.

8ರ ಕೊನೆಗೆ ಥಾನಿ ಎಂಬ ಕೋಡ್ ಬರೆಯುವ ಸಾಫ್ಟ್‌ವೇರ್ ಹಾಕಿ, ಟೈಪ್ ಮಾಡಿಯೇ ಬರೆಯುವ ಪೈಥಾನ್ ಭಾಷೆ ಶುರುಮಾಡಿ. ಪೈಥಾನ್ ಅದರೊಳಗೇ ಬರುವುದರಿಂದ ಬೇರೆ ಇನ್‌ಸ್ಟಾಲ್ ಬೇಡ. ಸ್ಕ್ರ್ಯಾಚ್‌ನಲ್ಲಿ ಇಲ್ಲದ ಡೀಬಗರ್ ಇಲ್ಲಿದೆ: ಕಂಟ್ರೋಲ್-ಎಫ್5 ಒತ್ತಿ, ಎಫ್7ರಿಂದ ಹೆಜ್ಜೆ ಹೆಜ್ಜೆಯಾಗಿ ನಡೆಸಬಹುದು, ವೇರಿಯಬಲ್ಸ್ ಕಿಟಕಿಯಲ್ಲಿ ಬೆಲೆ ಬದಲಾಗುವುದು ಕಣ್ಣೆದುರೇ ಕಾಣುತ್ತದೆ. ಮೊದಲ ಪಾಠಕ್ಕೆ ಅದೇ ಹಳೆಯ ಚೌಕ, ಈ ಸಲ ಪೈಥಾನ್ ಜೊತೆಗೇ ಬರುವ, ಗೆರೆ ಎಳೆಯುವ ಸಿದ್ಧ ಕೋಡ್ ಆದ ಟರ್ಟಲ್ ಮಾಡ್ಯೂಲಿನಲ್ಲಿ. ಆದರೆ ಫೈಲಿಗೆ ‘ಟರ್ಟಲ್’ ಎಂದು ಮಾತ್ರ ಹೆಸರಿಡಲು ಬಿಡಬೇಡಿ. ಪೈಥಾನ್ ಮೊದಲು ಅದೇ ಫೋಲ್ಡರಿನಲ್ಲಿ ಹುಡುಕುತ್ತದೆ, ನಿಜವಾದ ಮಾಡ್ಯೂಲನ್ನು ಬಿಟ್ಟು ಮಗುವಿನ ಫೈಲನ್ನೇ ತೆರೆದುಕೊಂಡು ಎರರ್ ಕೊಡುತ್ತದೆ. ಎಲ್ಲರೂ ಒಂದೇ ಫೋಲ್ಡರಿಗೆ ಸೇವ್ ಮಾಡುವ ಲ್ಯಾಬಿನಲ್ಲಿ ಒಬ್ಬರ ಆ ಫೈಲು ಸಾಕು, ಉಳಿದವರ ಸರಿಯಾದ ಪ್ರೋಗ್ರಾಮೂ ಓಡುವುದಿಲ್ಲ. ಆಗ ಕೋಡ್ ತಿದ್ದುವ ಮೊದಲು ಫೋಲ್ಡರ್ ನೋಡಿ.