ಜಿಪ್ಸಿಗೆ ಹಾಕಿಸಿದ ಎರಡನೇ ಕೈ ಗೇರ್‌ಬಾಕ್ಸ್: 31,000 ಕಿ.ಮೀ. ಓಡಿಸಿದ ಮೇಲೆ

ನನ್ನದು 2007ರ ಜಿಪ್ಸಿ ಕಿಂಗ್, ಮಾರುತಿಯ ನಾಲ್ಕೂ ಚಕ್ರಕ್ಕೆ ಬಲ ಕೊಡಬಲ್ಲ ಜೀಪ್. ಇರೋದು ಹುಬ್ಬಳ್ಳಿಯಲ್ಲಿ, ಹೊಲ ಇರೋದು ನವಲಗುಂದದ ಕಡೆ. ಅಲ್ಲಿನ ಎರಿ ಮಣ್ಣು ಗೊತ್ತಿರೋರಿಗೆ ಹೆಚ್ಚು ಹೇಳಬೇಕಿಲ್ಲ. ಎರಡು ಮಳೆ ಬಿದ್ದರೆ ಸಾಕು, ಚಕ್ರಕ್ಕೆ ಮೆತ್ತಿಕೊಂಡ ಮಣ್ಣು ಮಡ್‌ಗಾರ್ಡಿಗೆ ಉಜ್ಜುತ್ತೆ. ಅಂಥ ದಾರಿಯಲ್ಲಿ ಎರಡನೇ ಗೇರ್ ತಾನಾಗೇ ಕಿತ್ತು ನ್ಯೂಟ್ರಲ್‌ಗೆ ಬಂದುಬಿಟ್ಟರೆ ಮುಗೀತು, ಗಾಡಿ ನಿಂತ ಜಾಗದಲ್ಲೇ ಕೂರುತ್ತೆ. ಒಂದು ವರ್ಷ ಎಡಗೈಯಲ್ಲಿ ಲಿವರ್ ಒತ್ತಿ ಹಿಡಿದೇ ಓಡಿಸಿದೆ. 1,38,000 ಕಿ.ಮೀ. ಆದಾಗ ಕೈ ಸೋತಿತು.

ಬಾಕ್ಸ್ ಬದಲಿಸೋಣ ಅಂದ ಕೂಡಲೇ ಸಲಹೆ ಕೊಡೋರು ಶುರುವಾದರು. ಒಬ್ಬರು ಹೇಳಿದ್ದು, "ಮಾರುತಿ ಎಸ್ಟೀಮ್ ಕಾರಿನ ಎಂಜಿನ್ನೂ ಇದೇ 1298 ಸಿಸಿ, ಅದರ ಬಾಕ್ಸ್ ಹಾಕ್ರಿ, ಗುಜರಿಯೊಳಗ ಬೇಕಾದಷ್ಟು ಸಿಗ್ತಾವು." ಕೇಳೋಕೆ ಚೆನ್ನಾಗಿದೆ. ಆದರೆ ಎಸ್ಟೀಮಿನ ಎಂಜಿನ್ ಅಡ್ಡ ಕೂತಿರುತ್ತೆ, ಮುಂದಿನ ಚಕ್ರ ತಿರುಗಿಸುತ್ತೆ, ಎಡ-ಬಲ ಚಕ್ರಕ್ಕೆ ಬಲ ಹಂಚೋ ಡಿಫರೆನ್ಷಿಯಲ್ ಕೂಡ ಬಾಕ್ಸಿನೊಳಗೇ ಇರುತ್ತೆ. ಜಿಪ್ಸಿಯ ಎಂಜಿನ್ ಉದ್ದಕ್ಕೆ ಕೂತಿದೆ. ಎರಡಕ್ಕೂ ತಾಳಮೇಳವೇ ಇಲ್ಲ. ಇನ್ನೊಬ್ಬರು, ಹಳೇ 970 ಸಿಸಿ ಜಿಪ್ಸಿಯ ನಾಲ್ಕು ಗೇರಿನ ಬಾಕ್ಸೇ ಗಟ್ಟಿ ಅಂದರು. ಇರಬಹುದು. ಆದರೆ ನಾನು ವಾರಕ್ಕೆ ನಾಲ್ಕು ಸಲ ಧಾರವಾಡಕ್ಕೆ ಹೋಗಿ ಬರೋನು. ಬೈಪಾಸಲ್ಲಿ ಐದನೇ ಗೇರ್ ಇಲ್ಲದೆ ಎಂಜಿನ್ ಅರಚೋದನ್ನ ಯಾರು ಕೇಳ್ತಾರೆ? ಕೆಸರಲ್ಲಿ, ಏರಲ್ಲಿ ಬೇಕಾದ ಬಲ ಹೇಗೂ, ಮುಂದಿನ-ಹಿಂದಿನ ಚಕ್ರಗಳಿಗೆ ಬಲ ಹಂಚೋ ಟ್ರಾನ್ಸ್‌ಫರ್ ಕೇಸಿನ ಲೋ ರೇಂಜಿಂದ (ವೇಗ ಇಳಿಸಿ ಬಲ ಹೆಚ್ಚಿಸೋ ಗೇರ್) ಬರುತ್ತೆ. ಅದಕ್ಕೇ ಗಾಡಿಗೆ ಬಂದಿದ್ದ ಜಾತಿಯ ಐದು ಗೇರಿನ ಬಾಕ್ಸೇ ಸಾಕು ಅಂದುಕೊಂಡೆ.

ಕಂಪನಿಯ ಹೊಸ ಬಾಕ್ಸಿನ ಬೆಲೆ ಕೇಳಿ ಸುಮ್ನೆ ವಾಪಸ್ ಬಂದೆ. ಜಿಪ್ಸಿ ಮಾರಾಟ ನಿಂತಿದ್ದೇ 2019ರಲ್ಲಿ, ಬಿಡಿ ಭಾಗ ಸಿಕ್ಕರೇ ಪುಣ್ಯ ಅನ್ನೋ ಸ್ಥಿತಿ.

ಮೊದಲು ತಂದದ್ದು ಒಂದು ಗುಜರಿ ಅಂಗಡಿಯ 'ರೆಡಿ' ಬಾಕ್ಸ್. 16,000 ರೂಪಾಯಿ. ಹೊರಗೆ ಬೆಳ್ಳಿ ಬಣ್ಣ ಹೊಡೆದು ಫಳಫಳ ಮಾಡಿದ್ದರು. ಮೊದಲ ದಿನ ಸದ್ದೇ ಇಲ್ಲ, ನಾನು ಖುಷಿ. ಬೆಳಿಗ್ಗೆ ಚಳಿಯಲ್ಲಿ ಮಾತ್ರ ಗೇರ್ ಬೀಳೋದೇ ಕಷ್ಟ. ಮೂರನೇ ವಾರಕ್ಕೆ ಗೊಂಯ್ ಅನ್ನೋಕೆ ಶುರು. ವಿಚಿತ್ರ ಅಂದ್ರೆ ನಾಲ್ಕನೇ ಗೇರಲ್ಲಿ ಮಾತ್ರ ಆ ಸದ್ದು ಇಲ್ಲ. ಗೋಕುಲ ರೋಡ್ ಕಡೆಯ ನಮ್ಮ ಮಿಸ್ತ್ರಿ ಕಾಕಾ ಕೇಳಿದ ಕೂಡಲೇ ನಕ್ಕರು. ನಾಲ್ಕನೇ ಗೇರಲ್ಲಿ ಬಲ ಮೇಲಿನ ಶಾಫ್ಟಿಂದ ನೇರ ಹಿಂದಕ್ಕೆ ಹೋಗುತ್ತೆ, ಕೆಳಗಿನ ಲೇ ಶಾಫ್ಟಿಗೆ ಹೊರೆ ಬೀಳಲ್ಲ. ಬೇರೆ ಎಲ್ಲ ಗೇರಲ್ಲೂ ಬೀಳುತ್ತೆ. ಅಂದ್ರೆ ಲೇ ಶಾಫ್ಟಿನ ಬೇರಿಂಗ್ ಹೋಗಿದೆ. ಪ್ಲಗ್ ಬಿಚ್ಚಿದರೆ ಜೇನುತುಪ್ಪದಂಥ ಆಯಿಲ್ ನಿಧಾನಕ್ಕೆ ಇಳಿಯಿತು. ಸದ್ದು ಮುಚ್ಚೋಕೆ ದಪ್ಪ ಆಯಿಲ್ ತುಂಬಿದ್ದರು. ಬೆರಳಲ್ಲಿ ಉಜ್ಜಿದರೆ ಚಿನ್ನದ ಪುಡಿ ಹಾಗೆ ಹೊಳೆಯುತ್ತಿತ್ತು, ಅದು ಸಿಂಕ್ರೊ ರಿಂಗಿನ (ಗೇರ್ ಬೀಳೋ ಮುಂಚೆ ವೇಗ ಸರಿಹೊಂದಿಸೋ ಬಳೆ) ಹಿತ್ತಾಳೆ. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ.

"ಸಾಹೇಬ್ರ, ಬಿಚ್ಚದ ಬಾಕ್ಸ್ ತಗೋಬ್ಯಾಡ್ರಿ ಅಂತ ಹೇಳಿದ್ದೆ ಇಲ್ಲೋ?" ಅಂದರು ಕಾಕಾ. ಹೇಳಿದ್ದರು. ನಾನೇ ಕೇಳಿರಲಿಲ್ಲ.

ಈ ಸಲ ಎರಡೂ ಬಾಕ್ಸ್ ಬೆಂಚಿನ ಮೇಲೆ ಬಿಚ್ಚಿಸಿದೆ, ನಾನೂ ಪಕ್ಕದಲ್ಲೇ ಕೂತೆ. ನನ್ನ ಹಳೇದರಲ್ಲಿ ಎರಡನೇ ಗೇರಿನ ಪಕ್ಕದ ಸಣ್ಣ ಹಲ್ಲುಗಳು ಮೊಂಡಾಗಿದ್ದವು, ಬಳಸಿ ಬಳಸಿ ತುದಿ ಸವೆದ ಪೆನ್ಸಿಲ್ ಹಾಗೆ. ಗೇರ್ ಕಿತ್ತು ಬರುತ್ತಿದ್ದುದು ಅದಕ್ಕೇ. ಗುಜರಿ ಬಾಕ್ಸಿನಲ್ಲಿ ಗೇರುಗಳು ಚೆನ್ನಾಗಿದ್ದವು, ರಿಂಗು, ಬೇರಿಂಗು ಸತ್ತಿದ್ದವು. ಕಾಕಾ ಒಂದು ಹೊಸ ರಿಂಗನ್ನು ಗೇರಿನ ಕೋನ್ ಮೇಲೆ ಒತ್ತಿ ತೋರಿಸಿದರು, ನಡುವೆ ಸಣ್ಣ ಸಂದು ಕಾಣಿಸ್ತು. ಹಳೇ ರಿಂಗ್ ಒತ್ತಿದರೆ ಸಂದೇ ಇಲ್ಲ, ಹೋಗಿ ಅಂಟಿಕೊಂಡಿತು, ಅಂದ್ರೆ ಸವೆದಿದೆ. ಅಷ್ಟು ನೋಡೋಕೆ ಅರ್ಧ ನಿಮಿಷ ಸಾಕು. ಅದನ್ನ ನೋಡದೆ 16,000 ಕೊಟ್ಟಿದ್ದೆ ನಾನು!

ಕೊನೆಗೆ ಗುಜರಿ ಬಾಕ್ಸಿನ ಗೇರುಗಳನ್ನೇ ಇಟ್ಟುಕೊಂಡು ಎಲ್ಲ ಬೇರಿಂಗ್, ಸಿಂಕ್ರೊ ರಿಂಗ್, ಆಯಿಲ್ ಸೀಲ್ ಹೊಸದು ಹಾಕಿಸಿದೆ. ಬಾಕ್ಸ್ ಹೇಗೂ ಕೆಳಗಿಳಿದಿದೆ ಅಂತ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್ ಕೂಡ ಬದಲಿಸಿದೆ. ಭಾಗಗಳಿಗೆ, ಕೂಲಿಗೆ ಸೇರಿ ಮತ್ತೆ 21,000 ಆಯಿತು. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಬಾಕ್ಸಿಗೆ ಅಂಟಿಕೊಂಡಿಲ್ಲ, ನಡುವೆ ಒಂದು ಗಿಡ್ಡ ಶಾಫ್ಟ್ ಇದೆ. ಅದನ್ನ ಕಳಚಿದರೆ ಬಾಕ್ಸ್ ಒಂದೇ ಇಳಿಯುತ್ತೆ. ಕೂಲಿ ಅಷ್ಟರಮಟ್ಟಿಗೆ ಉಳೀತು.

ಇದೆಲ್ಲ ಆಗಿದ್ದು 2022ರ ದೀಪಾವಳಿ ಮುಂದೆ. ಈಗ ಮೀಟರ್ 1,69,000 ದಾಟಿದೆ. ಎರಡನೇ ಗೇರ್ ಒಂದು ಸಲವೂ ಕಿತ್ತು ಬಂದಿಲ್ಲ. ಹೋದ ಮಳೆಗಾಲ ಬೆಣ್ಣಿಹಳ್ಳ ಇಳಿದ ಮೇಲೆ ಹೊಲದ ದಾರಿಯಲ್ಲಿ ಎಂಟು ಚೀಲ ಹೆಸರು ಹೇರಿಕೊಂಡು ಲೋ ರೇಂಜ್, ಎರಡನೇ ಗೇರಲ್ಲಿ ಬಂದೆ. ಲಿವರ್ ಮುಟ್ಟಲೇ ಇಲ್ಲ, ಎರಡೂ ಕೈ ಸ್ಟೀರಿಂಗ್ ಮೇಲೆ. ಗದಗಿನಿಂದ ಡೋಣಿ ಕಡೆಯ ಏರಿಳಿತದಲ್ಲೂ ಮೂರರಿಂದ ಎರಡಕ್ಕೆ ಇಳಿಸುವಾಗ ಕರ್ ಅನ್ನೋದು ನಿಂತಿದೆ.

ತೊಂದರೆ ಇಲ್ಲವೇ ಇಲ್ಲ ಅಂತಲ್ಲ. 8,000 ಕಿ.ಮೀ.ಗೆ ಹಿಂದಿನ ಸೀಲ್ ಸೋರಿತು, ಬೇರೆ ಹಾಕಿಸಿದೆ. ಲಿವರ್ ಬುಡದ ಪ್ಲಾಸ್ಟಿಕ್ ಬುಶ್ ಸವೆದು ಲಿವರ್ ಸಾರಿನ ಸೌಟಿನ ಹಾಗೆ ತಿರುಗುತ್ತಿತ್ತು. ನೂರೈವತ್ತು ರೂಪಾಯಿ ಕೆಲಸ ಅದು, ಹಲವರು ಇದನ್ನೇ ಬಾಕ್ಸ್ ಹೋಯ್ತು ಅಂದುಕೊಳ್ತಾರೆ. 22,000ಕ್ಕೆ ದಡ್ ದಡ್ ಅಂತ ಬಡಿಯೋಕೆ ಶುರುವಾದಾಗ ನಾನೂ ಹೆದರಿದ್ದೆ. ನೋಡಿದರೆ ಟ್ರಾನ್ಸ್‌ಫರ್ ಕೇಸ್ ಹಿಡಿದಿರುವ ರಬ್ಬರ್ ಒಂದು ಹರಿದಿತ್ತು, ಬಾಕ್ಸಿಗೆ ಏನೂ ಆಗಿರಲಿಲ್ಲ. ಐದನೇ ಗೇರಲ್ಲಿ 80 ದಾಟಿದರೆ ಸಣ್ಣಗೆ ಈಗಲೂ ಹಾಡುತ್ತೆ. ಜಿಪ್ಸಿಯಲ್ಲಿ ಆ ವೇಗಕ್ಕೆ ಗಾಳಿ ಸದ್ದೇ ಜಾಸ್ತಿ, ಅಲ್ವಾ?

ಆಯಿಲ್ ವಿಷಯ ಒಂದು ಮಾತು. 75ಡಬ್ಲ್ಯೂ-90 (ಆಯಿಲ್ ದಪ್ಪದ ಅಳತೆ), ಜಿಎಲ್-4 (ಗೇರ್ ಆಯಿಲಿನ ದರ್ಜೆ) ಹಾಕಿ. ಅಂಗಡಿಯವರು "ಜಿಎಲ್-5 ಇನ್ನೂ ಚಲೋ ಐತ್ರಿ" ಅಂತಾರೆ. ಡಿಫರೆನ್ಷಿಯಲ್‌ಗೆ ಚಲೋನೇ. ಆದರೆ ಅದರಲ್ಲಿರೋ ಜಾಸ್ತಿ ಗಂಧಕದ ಅಂಶ ಹಿತ್ತಾಳೆ ರಿಂಗಿಗೆ ಒಳ್ಳೇದಲ್ಲ. ಬಾಕ್ಸಿಗೆ ಹಿಡಿಯೋದು ಸುಮಾರು 1.3 ಲೀಟರ್, ಅದರಲ್ಲಿ ಉಳಿತಾಯ ಮಾಡೋಕೆ ಹೋಗಬೇಡಿ. ಕೆಸರು ನೀರಲ್ಲಿ ಇಳಿಸಿದ ವರ್ಷ ನಾನು ದಸರಾಕ್ಕೇ ಬದಲಿಸುತ್ತೇನೆ.

ಐದಕ್ಕೆ ನಾಲ್ಕು ಅಂಕ. ಒಂದು ಕಳೆದದ್ದು ಬಾಕ್ಸಿಗಲ್ಲ, ನನ್ನ ಮೊದಲ ಖರೀದಿಗೆ. ಉಳಿದ ಹಳೇ ಬಾಕ್ಸ್ ಗೋಣಿಚೀಲದಲ್ಲಿ ಸುತ್ತಿ ಕೊಟ್ಟಿಗೆಯಲ್ಲಿಟ್ಟಿದ್ದೇನೆ. ಅದರ ಮೂರನೇ, ಐದನೇ ಗೇರ್ ಇನ್ನೂ ಹೊಸದರ ಹಾಗಿವೆ. ಇಬ್ಬರು ಕೇಳಿದರು, ಕೊಡಲಿಲ್ಲ.